ಒಬ್ಬನೇ ನುಡಿಸಿದ ನಲವತ್ತು ಗಿಟಾರು

ಅಮೆರಿಕದ ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ತಂಡದ ‘ಸೋಮಾ’ ಹಾಡು ಜೋಗುಳದ ಹಾಗೆ ಶುರುವಾಗುತ್ತದೆ. ಬಿಡಿಬಿಡಿಯಾಗಿ ಮೀಟಿದ ತಂತಿ, ಪಿಸುಗುಡುವ ದನಿ. ಕೇಳುಗನಿಗೆ ಇನ್ನೇನು ಜೊಂಪು ಹತ್ತಬೇಕು, ಅಷ್ಟರಲ್ಲಿ ಎದುರಿಗೊಂದು ಗೋಡೆ ಎದ್ದು ನಿಲ್ಲುತ್ತದೆ. ಅದು ಗಿಟಾರುಗಳ ಗೋಡೆ. 1993ರ ‘ಸಿಯಾಮೀಸ್ ಡ್ರೀಮ್’ ಆಲ್ಬಮ್ಮಿನ ಈ ಒಂದು ಹಾಡಿನಲ್ಲೇ ನಲವತ್ತರಷ್ಟು ಗಿಟಾರ್ ಪದರಗಳಿವೆ ಎಂಬ ಲೆಕ್ಕ ರಾಕ್ ಪ್ರಿಯರಿಗೆಲ್ಲ ಬಾಯಿಪಾಠ. ಹಾಗಂತ ಸ್ಟುಡಿಯೊದಲ್ಲಿ ನಲವತ್ತು ಮಂದಿ ಕೂತಿರಲಿಲ್ಲ. ಆಲ್ಬಮ್ಮಿನ ಗಿಟಾರ್ ಕೆಲಸದ ಬಹುಪಾಲು ಬಿಲ್ಲಿ ಕೋರ್ಗನ್ ಒಬ್ಬನದೇ. ಜಾರ್ಜಿಯಾ ರಾಜ್ಯದ ಮ್ಯಾರಿಯೆಟ್ಟಾ ಊರಿನ ಸ್ಟುಡಿಯೊದಲ್ಲಿ, ನಿರ್ಮಾಪಕ ಬುಚ್ ವಿಗ್ ಎದುರಿಗೆ ಕೂತು, ನುಡಿಸಿದ್ದನ್ನೇ ಮತ್ತೆ ಮತ್ತೆ ನುಡಿಸಿ ಟೇಪಿಗೆ ಏರಿಸಿದ್ದು ಅದು.

ಇವತ್ತು ಲ್ಯಾಪ್‌ಟಾಪ್ ಇರುವವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಒಂದು ಸಲ ಚೆನ್ನಾಗಿ ನುಡಿಸಿ, ಕಾಪಿ ಮಾಡಿ, ಮೂವತ್ತೊಂಬತ್ತು ಸಲ ಪೇಸ್ಟ್ ಮಾಡಿದರೆ ಮುಗಿಯಿತಲ್ಲ? ಮನೆಯಲ್ಲೇ ರೆಕಾರ್ಡಿಂಗ್ ಕಲಿಯಲು ಹೊರಟವರು ಒಮ್ಮೆಯಾದರೂ ಈ ಪ್ರಯೋಗ ಮಾಡಿ ಮೋಸಹೋಗಿರುತ್ತಾರೆ. ಸದ್ದು ಜೋರಾಗುತ್ತದೆ, ಅಷ್ಟೇ. ಅದಕ್ಕೆ ವಾಲ್ಯೂಮ್ ಗುಂಡಿ ತಿರುಗಿಸಿದ್ದರೂ ಸಾಕಿತ್ತು.

ಇಲ್ಲಿ ಭೌತವಿಜ್ಞಾನದ ಒಂದು ಚೇಷ್ಟೆ ಇದೆ. ಒಂದೇ ಅಲೆಯ ಎರಡು ಪ್ರತಿಗಳನ್ನು ಕೂಡಿಸಿದರೆ ಉಬ್ಬಿನ ಮೇಲೆ ಉಬ್ಬು, ತಗ್ಗಿನ ಮೇಲೆ ತಗ್ಗು ಸರಿಯಾಗಿ ಕೂತು ಸದ್ದಿನ ಮಟ್ಟ 6 ಡೆಸಿಬೆಲ್ ಏರುತ್ತದೆ. ಅದೇ ಸಾಲನ್ನು ಕೈಯಾರೆ ಎರಡನೇ ಸಲ ನುಡಿಸಿ ಸೇರಿಸಿದರೆ ಉಬ್ಬುತಗ್ಗುಗಳು ಹೊಂದುವುದಿಲ್ಲ. ಕೆಲವೆಡೆ ಕೂಡುತ್ತವೆ, ಕೆಲವೆಡೆ ಕಳೆಯುತ್ತವೆ. ಒಟ್ಟಿನಲ್ಲಿ ಏರುವುದು ಸುಮಾರು 3 ಡೆಸಿಬೆಲ್. ಮೀಟರಿನ ಮುಳ್ಳು ಕಡಿಮೆ ಏರಿದ್ದೇ ಕಿವಿಗೆ ಹೆಚ್ಚು ಭಾರ!

ಡೊಳ್ಳು ಕುಣಿತ ನೋಡಿದವರಿಗೆ ಇದು ಹೊಸದಲ್ಲ. ಇಪ್ಪತ್ತು ಡೊಳ್ಳುಗಳ ಮೇಲೆ ಏಟು ಒಟ್ಟಿಗೆ ಬಿದ್ದಂತೆ ಕಾಣುತ್ತದೆ; ನಿಜಕ್ಕೂ ಒಟ್ಟಿಗೆ ಬೀಳುವುದಿಲ್ಲ. ಒಬ್ಬನ ಕೋಲು ಸೆಕೆಂಡಿನ ನೂರರಲ್ಲೊಂದು ಪಾಲು ಮುಂದೆ, ಇನ್ನೊಬ್ಬನದು ಅಷ್ಟೇ ಹಿಂದೆ. ಒಂದೊಂದು ಚರ್ಮದ ಬಿಗಿಯೂ ಬೇರೆ. ಕಿವಿ ಇವನ್ನೆಲ್ಲ ಬಿಡಿಸಿ ಎಣಿಸುವುದಿಲ್ಲ, ಆದರೆ ಇದು ಗುಂಪು ಎಂದು ತಕ್ಷಣ ಗುರುತು ಹಿಡಿಯುತ್ತದೆ. ಒಂದೇ ಡೊಳ್ಳಿಗೆ ಇಪ್ಪತ್ತರ ಸದ್ದು ಬರುವಷ್ಟು ದೊಡ್ಡ ಮೈಕ್ ಹಿಡಿದರೂ ಆ ದಪ್ಪ ಬಾರದು.

ಗಿಟಾರಿನಲ್ಲಿ ಈ ಚಿಲ್ಲರೆ ವ್ಯತ್ಯಾಸಗಳಿಗೆ ಬರವಿಲ್ಲ. ಎಡಗೈ ಬೆರಳು ತುಸು ಗಟ್ಟಿಯಾಗಿ ಒತ್ತಿದರೆ ಶ್ರುತಿ ಕೂದಲೆಳೆಯಷ್ಟು ಏರುತ್ತದೆ. ಜೋರಾಗಿ ಹೊಡೆದ ತಂತಿ ಮೊದಲ ಕ್ಷಣ ಮೇಲೆ ಜಿಗಿದು ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ತಂತಿ ಮೀಟುವ ಪಿಕ್ ಹಿಡಿದ ಕೋನ ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ. ಇಂಥ ಎರಡು ಟೇಕ್‌ಗಳಲ್ಲಿ ಒಂದನ್ನು ಪೂರ್ತಿ ಎಡ ಸ್ಪೀಕರಿಗೆ, ಇನ್ನೊಂದನ್ನು ಪೂರ್ತಿ ಬಲ ಸ್ಪೀಕರಿಗೆ ತಳ್ಳುವುದೇ ರಾಕ್ ಸ್ಟುಡಿಯೊಗಳ ಹಳೆಯ, ಖಾತರಿಯ ಉಪಾಯ. ಎರಡೂ ಕಡೆ ಒಂದೇ ಪ್ರತಿ ಇದ್ದರೆ ಮಿದುಳು ಎರಡನ್ನೂ ಬೆಸೆದು ಹಣೆಯ ನಡುವೆ ಒಂದೇ ಗಿಟಾರ್ ಕೂರಿಸುತ್ತದೆ. ಎರಡು ಬೇರೆ ಟೇಕ್‌ಗಳಾದರೆ ಬೆಸುಗೆ ಕೂಡುವುದಿಲ್ಲ. ಸದ್ದು ಕೋಣೆಯ ಅಗಲಕ್ಕೂ ಹರಡುತ್ತದೆ.

ಈ ಪದರದ ಕಸುಬನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಗಿಟಾರಿಸ್ಟ್ ಲೆಸ್ ಪಾಲ್. ಟೇಪ್ ಅವನ ಕೈಗೆ ಬರುವ ಮೊದಲೇ, ಹಾಲಿವುಡ್ಡಿನ ತನ್ನ ಮನೆಯ ಗ್ಯಾರೇಜಿನಲ್ಲಿ ತಟ್ಟೆಯಿಂದ ತಟ್ಟೆಗೆ ರೆಕಾರ್ಡ್ ಮಾಡುತ್ತ ಎಂಟು ಗಿಟಾರ್ ಭಾಗಗಳನ್ನು ಪೇರಿಸಿದ. 1948ರಲ್ಲಿ ಅದು ‘ಲವರ್’ ಎಂಬ ಹೆಸರಿನಲ್ಲಿ ಹೊರಬಂತು. ಹಿಂದಿನ ತಟ್ಟೆ ಹಾಡುತ್ತಿರುವಾಗ ಅದರ ಜೊತೆಗೇ ನುಡಿಸಿ ಎರಡನ್ನೂ ಹೊಸ ತಟ್ಟೆಗೆ ಕೊರೆಯಬೇಕು. ಪ್ರತಿ ಸುತ್ತಿಗೂ ಹಳೆಯ ಪದರ ಮಬ್ಬಾಗುತ್ತ ಹೋಗುವುದರಿಂದ ಮುಖ್ಯವಲ್ಲದ ಭಾಗ ಮೊದಲು, ಮುಖ್ಯವಾದದ್ದು ಕೊನೆಗೆ. ಏಳನೇ ಸುತ್ತಿನಲ್ಲಿ ಕೈ ತಪ್ಪಿದರೆ ಗತಿ ಏನು ಎಂದು ಯೋಚಿಸಿದರೇ ಬೆವರು ಬರುತ್ತದೆ. 1957ರಲ್ಲಿ ಆಂಪೆಕ್ಸ್ ಕಂಪನಿ ಎಂಟು ಟ್ರ್ಯಾಕಿನ ಟೇಪ್ ಯಂತ್ರವನ್ನು ಅವನಿಗೆ ಮಾಡಿಕೊಟ್ಟಿತು. ಒಂದು ಟ್ರ್ಯಾಕ್ ಕೆಟ್ಟರೆ ಅದೊಂದನ್ನೇ ಅಳಿಸಿ ಮತ್ತೆ ನುಡಿಸುವ ಸೌಕರ್ಯ ಅಲ್ಲಿಂದ ಮುಂದಿನದು.

ಎರಡೆರಡು ಸಲ ನುಡಿಸುವ, ಹಾಡುವ ಕೆಲಸ ಎಲ್ಲರಿಗೂ ರುಚಿಸುವುದಿಲ್ಲ. ಬೀಟಲ್ಸ್‌ನ ಜಾನ್ ಲೆನನ್‌ಗೆ ತನ್ನ ದನಿ ದಪ್ಪಗೆ ಕೇಳಬೇಕು, ಆದರೆ ಹಾಡಿದ್ದನ್ನೇ ಮತ್ತೆ ಹಾಡಲು ಮಹಾ ಬೇಸರ. 1966ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೊದ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಇದಕ್ಕೆ ಮದ್ದು ಹುಡುಕಿದ. ಅದೇ ದನಿಯನ್ನು ಎರಡನೇ ಟೇಪ್ ಯಂತ್ರಕ್ಕೆ ಕಳಿಸಿ, ಅದರ ವೇಗವನ್ನು ಅಷ್ಟಿಷ್ಟು ಏರಿಳಿಸಿ, ಸೆಕೆಂಡಿನ ಸಣ್ಣ ಪಾಲಿನಷ್ಟು ತಡವಾಗಿ ಮೂಲದ ಜೊತೆ ಬೆರೆಸುವುದು. ಯಂತ್ರಕ್ಕೆ ಮನುಷ್ಯನ ಹಾಗೆ ತಪ್ಪಲು ಕಲಿಸಿದ್ದು ಅದು. ‘ರಿವಾಲ್ವರ್’ ಆಲ್ಬಮ್ಮಿನ ತುಂಬ ಇದೇ ತಂತ್ರ. ತಮಾಷೆಯೆಂದರೆ ಇಪ್ಪತ್ತೈದು ವರ್ಷಗಳ ನಂತರ, ‘ನೆವರ್‌ಮೈಂಡ್’ ರೆಕಾರ್ಡಿಂಗಿನಲ್ಲಿ, ದನಿಯನ್ನು ಎರಡು ಸಲ ಹಾಡಲು ನಿರ್ವಾಣ ತಂಡದ ಕರ್ಟ್ ಕೋಬೇನ್ ಒಲ್ಲೆ ಎಂದಾಗ ಬುಚ್ ವಿಗ್ ಅವನನ್ನು ಒಪ್ಪಿಸಿದ್ದು ಜಾನ್ ಲೆನನ್ ಕೂಡ ಹೀಗೇ ಮಾಡುತ್ತಿದ್ದ ಎಂದು ಹೇಳಿ!

ಟೌನ್‌ಸೆಂಡ್ ಟೇಪಿನ ವೇಗವನ್ನು ಓಲಾಡಿಸಿದ್ದು ಸುಮ್ಮನೆ ಅಲ್ಲ. ಪ್ರತಿಯನ್ನು ಬರೀ ತಡಮಾಡಿದರೆ ಬೇರೊಂದು ಕಾಟ ಶುರುವಾಗುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದ ಹಾಗೆ, ಒಂದು ಸದ್ದಿನ ಬೆನ್ನಿಗೇ ಕೆಲವೇ ಮಿಲಿಸೆಕೆಂಡುಗಳಲ್ಲಿ ಅದರ ನಕಲು ಬಂದರೆ ಕಿವಿ ಎರಡನ್ನೂ ಒಂದೇ ಎಂದು ತಿಳಿದು, ಮೊದಲು ಬಂದ ದಿಕ್ಕಿಗೇ ಮಣೆ ಹಾಕುತ್ತದೆ. ಎಂದರೆ ಗೋಡೆ ಒಂದು ಬದಿಗೆ ವಾಲುತ್ತದೆ. ಮೇಲಾಗಿ ಎಡ ಬಲ ಎರಡೂ ಸೇರಿ ಒಂದೇ ಸ್ಪೀಕರಿನಿಂದ ಬರುವಾಗ, ನಕಲು 10 ಮಿಲಿಸೆಕೆಂಡ್ ತಡವಾಗಿದ್ದರೆ 50, 150, 250 ಹರ್ಟ್ಜ್ ಹೀಗೆ ಸಮ ಅಂತರದಲ್ಲಿ ಒಂದೊಂದು ಸ್ವರ ಸತ್ತೇಹೋಗುತ್ತದೆ. ಬಾಚಣಿಗೆಯ ಹಲ್ಲುಗಳ ನಡುವಿನ ಸಂದಿಯಂತೆ ಖಾಲಿ ಜಾಗಗಳು. ಕೈಯಿಂದ ನುಡಿಸಿದ ಎರಡನೇ ಟೇಕ್‌ನಲ್ಲಿ ಈ ತಡ ಸ್ವರದಿಂದ ಸ್ವರಕ್ಕೆ ಬದಲಾಗುತ್ತಲೇ ಇರುವುದರಿಂದ ಬಾಚಣಿಗೆ ಎಲ್ಲಿಯೂ ನಿಲ್ಲುವುದಿಲ್ಲ.

ಇಷ್ಟು ಅಗಲದ ಮಾತಾಯಿತು. ಆಳದ ಕಥೆ ಇನ್ನೂ ರುಚಿಯಾದದ್ದು.

ರಾಕ್ ಗಿಟಾರಿನ ಒರಟುತನ ಬರುವುದು ಡಿಸ್ಟಾರ್ಷನ್‌ನಿಂದ. ಆಂಪ್, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ, ತನ್ನ ತಾಕತ್ತಿಗೆ ಮೀರಿದ ಸಿಗ್ನಲ್ ಬಂದಾಗ ಅಲೆಯ ತಲೆಯನ್ನು ಚಪ್ಪಟೆ ಮಾಡುತ್ತದೆ; ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಸ್ವರಗಳು ಹುಟ್ಟುತ್ತವೆ. ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರಂತೂ ಅವುಗಳ ಮೊತ್ತ, ವ್ಯತ್ಯಾಸಗಳೂ ಸದ್ದಾಗಿ ಹೊರಬರುತ್ತವೆ. ರಾಕ್‌ನವರು ಪವರ್ ಕಾರ್ಡ್ ಎನ್ನುವುದು ನಮ್ಮ ತಂಬೂರಿಯ ಜೋಡಿಯೇ: ಷಡ್ಜ ಮತ್ತು ಪಂಚಮ. ಗಿಟಾರಿನ ಅತಿ ದಪ್ಪ ತಂತಿಯ ಕಂಪನ 82.4 ಹರ್ಟ್ಜ್, ಅದರ ಪಂಚಮ 123.5. ಕಳೆದರೆ ಉಳಿಯುವುದು ಸುಮಾರು 41. ಅದು ಷಡ್ಜಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ, ಬೇಸ್ ಗಿಟಾರಿನ ಅತಿ ದಪ್ಪ ತಂತಿ ಇರುವ ಜಾಗ. ಗಿಟಾರಿನ ಮೇಲೆ ಇಲ್ಲದ ಸ್ವರವನ್ನು ಆಂಪ್ ತಾನೇ ಹುಟ್ಟಿಸಿ ಕೊಡುತ್ತದೆ.

ಗಾಂಧಾರ ಸೇರಿಸಿದರೆ? ರಾಡಿ. ತಂಬೂರಿಯಲ್ಲಿ ಯಾರೂ ಮೀಟದಿದ್ದರೂ ಗಾಂಧಾರ ತಾನಾಗಿ ಕೇಳುತ್ತದೆ, ಅದು ಷಡ್ಜದ ಐದು ಪಟ್ಟು ಕಂಪನದ ಶುದ್ಧ ಗಾಂಧಾರ. ಗಿಟಾರಿನ ಮೆಟ್ಟಿಲುಗಳು ಅದನ್ನು 14 ಸೆಂಟ್‌ಗಳಷ್ಟು, ಅಂದರೆ ಅರ್ಧ ಸ್ವರದ ಏಳನೇ ಒಂದು ಭಾಗದಷ್ಟು, ಮೇಲೆ ಕೂರಿಸಿವೆ. ಸಾದಾ ಗಿಟಾರಿನಲ್ಲಿ ಅಷ್ಟಾಗಿ ಗೊತ್ತಾಗದ ಈ ಓರೆಯನ್ನು ಡಿಸ್ಟಾರ್ಷನ್ ಹಿಗ್ಗಿಸಿ ತೋರಿಸುತ್ತದೆ. ಹೆವಿ ಮೆಟಲ್‌ನವರು ಗಾಂಧಾರದ ಗೊಡವೆಗೆ ಹೆಚ್ಚು ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಗಾಂಧಾರದ ಈ ಗಂಟನ್ನು ಬಿಡಿಸಿದವನು ಕ್ವೀನ್ ತಂಡದ ಬ್ರಯಾನ್ ಮೇ. 1963ರಲ್ಲಿ ಅಪ್ಪನ ಜೊತೆ ಸೇರಿ, ಹಳೆಯ ಅಗ್ಗಿಷ್ಟಿಕೆಯ ಮರ ಕೆತ್ತಿ ಗಿಟಾರ್ ಮಾಡಲು ಕೂತ ಹುಡುಗ ಅವನು. ಮುಂದೆ 2007ರಲ್ಲಿ ಖಭೌತವಿಜ್ಞಾನದಲ್ಲಿ ಪಿಎಚ್.ಡಿ.ಯನ್ನೂ ಮುಗಿಸಿದ. ಅವನು ಮೂರು ಸ್ವರಗಳನ್ನು ಒಂದೇ ಏಟಿಗೆ ನುಡಿಸುತ್ತಿರಲಿಲ್ಲ. ಒಂದು ಟ್ರ್ಯಾಕಿನಲ್ಲಿ ಒಂದೇ ಸ್ವರದ ಸಾಲು, ಇನ್ನೊಂದರಲ್ಲಿ ಅದರ ಗಾಂಧಾರ, ಮತ್ತೊಂದರಲ್ಲಿ ಪಂಚಮ. ಸಾರಿನ ಪುಡಿ ಮಾಡುವವರಿಗೆ ಇದರ ಮರ್ಮ ಗೊತ್ತು: ಮೆಂತ್ಯ, ಕೊತ್ತಂಬರಿ, ಮೆಣಸಿನಕಾಯಿ ಒಟ್ಟಿಗೆ ಬಾಣಲೆಗೆ ಹಾಕಿದರೆ ಒಂದು ಸೀಯುತ್ತದೆ, ಇನ್ನೊಂದು ಹಸಿ ಉಳಿಯುತ್ತದೆ. ಬೇರೆ ಬೇರೆ ಹುರಿದು ಆಮೇಲೆ ಕೂಡಿಸಬೇಕು. ಬೇರೆ ಬೇರೆಯಾಗಿ ಆಂಪ್ ದಾಟಿ ಬಂದ ಸ್ವರಗಳು ಒಂದನ್ನೊಂದು ಕೆಡಿಸುವುದಿಲ್ಲ. ಪ್ರತಿಯೊಂದೂ ಒರಟು, ಕೂಡಿದ್ದು ಮಾತ್ರ ಸ್ವಚ್ಛ. 1975ರ ‘ಗುಡ್ ಕಂಪನಿ’ ಹಾಡಿನಲ್ಲಿ ಕೇಳುವ ಜಾಜ್ ಬ್ಯಾಂಡು, ಆ ಕ್ಲಾರಿನೆಟ್ಟು, ಟ್ರೊಂಬೋನುಗಳೆಲ್ಲ ಹೀಗೆ ಕಟ್ಟಿದ ಗಿಟಾರುಗಳೇ. ಅವಕ್ಕೆ ಬಳಸಿದ ಪುಟ್ಟ ಆಂಪ್, ತಂಡದ ಜಾನ್ ಡೀಕನ್ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡಿನಿಂದ ಜೋಡಿಸಿದ್ದು, ಬ್ಯಾಟರಿಯಿಂದ ನಡೆಯುವಂಥದ್ದು. ದೊಡ್ಡ ಸದ್ದಿಗೆ ದೊಡ್ಡ ಪೆಟ್ಟಿಗೆಯೇ ಬೇಕು ಎನ್ನುವವರಿಗೆ ಅದನ್ನೊಮ್ಮೆ ತೋರಿಸಬೇಕು.

ಬೋಸ್ಟನ್ ತಂಡದ ಟಾಮ್ ಶೋಲ್ಜ್ ಇನ್ನೊಂದು ಬಗೆಯ ಎಂಜಿನಿಯರ್. ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದವನು. ಮ್ಯಾಸಚೂಸೆಟ್ಸ್‌ನ ವಾಟರ್‌ಟೌನಿನಲ್ಲಿ ಮನೆಯ ನೆಲಮಾಳಿಗೆಯಲ್ಲೇ ಗಿಟಾರ್ ಮೇಲೆ ಗಿಟಾರ್ ಪೇರಿಸಿ 1976ರ ಮೊದಲ ಆಲ್ಬಮ್ ಕಟ್ಟಿದ. ವೃತ್ತಿಪರ ಸ್ಟುಡಿಯೊದಲ್ಲಿ ಮತ್ತೆ ಮಾಡಿ ಎಂದು ರೆಕಾರ್ಡ್ ಕಂಪನಿ ಪಟ್ಟು ಹಿಡಿದಾಗ ಉಳಿದವರು ಲಾಸ್ ಏಂಜಲೀಸ್‌ಗೆ ಹೋಗಿ ಕಂಪನಿಯ ಗಮನ ಸೆಳೆದಿಟ್ಟರು. ಶೋಲ್ಜ್ ನೆಲಮಾಳಿಗೆ ಬಿಟ್ಟು ಕದಲಲಿಲ್ಲ. ಅಮೆರಿಕವೊಂದರಲ್ಲೇ ಆ ಆಲ್ಬಮ್ಮಿಗೆ ಸಂದ ಮಾರಾಟದ ಪ್ರಮಾಣಪತ್ರ 1.7 ಕೋಟಿ ಪ್ರತಿಗಳದು.

ಪದರ ಹೆಚ್ಚಿದಷ್ಟೂ ಭಾರ ಹೆಚ್ಚುತ್ತದೆ ಎಂದುಕೊಂಡರೆ ಮತ್ತೆ ಎಡವಿದಂತೆ. ಡಿಸ್ಟಾರ್ಷನ್ ಹೆಚ್ಚಾದಷ್ಟೂ ಮೀಟಿದ ಏಟಿನ ಮೊನೆ ಮೊಂಡಾಗುತ್ತದೆ. ನಾಲ್ಕು ಮೊಂಡು ಪದರಗಳನ್ನು ಪೇರಿಸಿದರೆ ಕೇಳುವುದು ಮಿಕ್ಸಿಯ ಸದ್ದು. ಅದಕ್ಕೇ ಅನುಭವಿ ಎಂಜಿನಿಯರುಗಳು ಪದರ ಏರಿಸುವ ಮೊದಲು ಆಂಪಿನ ಗೇನ್ ಗುಂಡಿಯನ್ನು ಇಳಿಸುತ್ತಾರೆ. ಒಂಟಿಯಾಗಿ ಕೇಳಿದರೆ ಸಪ್ಪೆ ಎನ್ನಿಸುವ ಗಿಟಾರೇ ಗುಂಪಿನಲ್ಲಿ ಗಟ್ಟಿ. 1980ರಲ್ಲಿ ಬಹಾಮಾಸ್ ದ್ವೀಪಗಳಲ್ಲಿ ರೆಕಾರ್ಡ್ ಆದ ಎಸಿ/ಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’ ಕೇಳಿ ನೋಡಬೇಕು. ಗಿಟಾರಿಸ್ಟ್ ಆಂಗಸ್ ಒಂದು ಕಡೆ, ಅಣ್ಣ ಮಾಲ್ಕಮ್ ಇನ್ನೊಂದು ಕಡೆ. ಗಿಟಾರ್ ಎಷ್ಟು ಶುಚಿ ಎಂದರೆ ತಂತಿಗೆ ಪಿಕ್ ತಾಗುವುದೂ ಕೇಳುತ್ತದೆ. ಆದರೂ ಬೆಟ್ಟದಷ್ಟು ಭಾರ.

ವ್ಯತ್ಯಾಸವೂ ಮಿತಿ ಮೀರಬಾರದು. ವೇಗದ ರಿಫ್‌ಗಳಲ್ಲಿ, ಅಂದರೆ ಮರುಕಳಿಸುವ ಗಿಟಾರ್ ಸಾಲುಗಳಲ್ಲಿ, ಎರಡು ಟೇಕ್‌ಗಳು ಚೂರು ಹೆಚ್ಚು ಕದಲಿದರೂ ಕೇಳುವುದು ಗುಂಪಲ್ಲ, ಗಲಾಟೆ. 1985ರ ಕೊನೆಯಲ್ಲಿ ಕೋಪನ್‌ಹೇಗನ್ನಿನಲ್ಲಿ ಮೆಟಾಲಿಕಾ ತಂಡ ‘ಮಾಸ್ಟರ್ ಆಫ್ ಪಪೆಟ್ಸ್’ ರೆಕಾರ್ಡ್ ಮಾಡುವಾಗ ಇಬ್ಬರು ಗಿಟಾರಿಸ್ಟ್‌ಗಳಿದ್ದರೂ ತಾಳದ ಗಿಟಾರುಗಳನ್ನು ಪದರ ಪದರವಾಗಿ ನುಡಿಸಿದ್ದು ಜೇಮ್ಸ್ ಹೆಟ್‌ಫೀಲ್ಡ್ ಒಬ್ಬನೇ. ಪಿಕ್ ಹೆಚ್ಚಾಗಿ ಮೇಲಿನಿಂದ ಕೆಳಗೆ ಹೊಡೆಯುವ ಅವನ ಬಲಗೈಗೆ ಸರಿಜೋಡಿ ಅವನ ಬಲಗೈಯೇ. ಮುಂದೆ 1988ರಲ್ಲಿ ಬಂದ ಅದೇ ತಂಡದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಗಿಟಾರುಗಳೆಲ್ಲ ಇವೆ, ಬೇಸ್ ಗಿಟಾರ್ ಮಾತ್ರ ಕೇಳಿಸುವುದೇ ಇಲ್ಲ ಎನ್ನಬೇಕು. ಇಡೀ ಆಲ್ಬಮ್ ಒಣಗಿದ ಎಲುಬಿನ ಹಾಗಿದೆ. ಗಿಟಾರಿನದೆಂದು ನಾವು ನಂಬಿದ ತೂಕದಲ್ಲಿ ಬೇಸ್‌ನ ಪಾಲೆಷ್ಟು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ರೆಕಾರ್ಡಿನಲ್ಲೇನೋ ಸರಿ, ವೇದಿಕೆಯಲ್ಲಿ? 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಹೆಟ್‌ಫೀಲ್ಡ್‌ನ ಪದರಗಳನ್ನು ಹೊರಲು ಇದ್ದದ್ದು ಅವನು ಮತ್ತು ತಂಡದ ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್, ಇಬ್ಬರೇ. ಅದಕ್ಕೂ ಮೊದಲು, 2007ರ ಮಾರ್ಚ್‌ನಲ್ಲಿ, ಅದೇ ಮೈದಾನದಲ್ಲಿ ನುಡಿಸಿದ ಐರನ್ ಮೇಡನ್ ತಂಡ ಮೂವರು ಗಿಟಾರಿಸ್ಟ್‌ಗಳನ್ನೇ ಕಟ್ಟಿಕೊಂಡು ಬಂದಿತ್ತು.

ಕ್ವೀನ್‌ನಲ್ಲಿ ಗಿಟಾರಿಗೆ ಬ್ರಯಾನ್ ಮೇ ಒಬ್ಬನೇ. ‘ಬೊಹೀಮಿಯನ್ ರಾಪ್ಸೊಡಿ’ಯ ನಡುವಿನ ಒಪೆರಾ ಭಾಗದಲ್ಲಿ ದನಿಗಳನ್ನು ಎಷ್ಟು ಪೇರಿಸಿದ್ದರೆಂದರೆ ಅದನ್ನು ನಾಲ್ಕು ಜನ ವೇದಿಕೆಯಲ್ಲಿ ಹಾಡುವುದು ಸಾಧ್ಯವೇ ಇರಲಿಲ್ಲ. ಅವರು ಅದಕ್ಕೆ ಕಸರತ್ತು ಮಾಡಲೂ ಹೋಗಲಿಲ್ಲ. ಒಪೆರಾ ಶುರುವಾಗುತ್ತಿದ್ದಂತೆ ನಾಲ್ವರೂ ವೇದಿಕೆ ಬಿಟ್ಟು ಒಳಗೆ ಹೋಗುತ್ತಿದ್ದರು. ಖಾಲಿ ವೇದಿಕೆಯ ಮೇಲೆ ಟೇಪು ಹಾಡುತ್ತಿತ್ತು. ಅದು ಮುಗಿದ ಕ್ಷಣ ದೀಪಗಳು ಭಗ್ಗೆಂದು ಹೊತ್ತಿಕೊಂಡು, ಹಾಡಿನ ಅತಿ ಭಾರದ ರಿಫ್‌ನೊಂದಿಗೆ ಬ್ರಯಾನ್ ಮೇ ಮರಳಿ ಕಾಣಿಸುತ್ತಿದ್ದ, ಕೈಯಲ್ಲಿ ಅದೇ ಅಗ್ಗಿಷ್ಟಿಕೆಯ ಮರದ ಒಂದು ಗಿಟಾರ್, ಪಿಕ್‌ನ ಜಾಗದಲ್ಲಿ ಆರು ಪೆನ್ಸಿನ ಒಂದು ನಾಣ್ಯ.