ಬೋರ್ಡಿನಲ್ಲಿ ಯಾರ ಹೆಸರು?

ಬಾತಿ ನಮ್ಮೂರು. ಈ ಕಡೆ ದಾವಣಗೆರೆ, ಆ ಕಡೆ ಹರಿಹರ. ಬೆಳಿಗ್ಗೆ ಬಸ್ಸಿಗೆ ನಿಂತರೆ ಕಾಲೇಜಿಗೆ ಹೋಗುವ ಮಕ್ಕಳು ಕಾಣುತ್ತಾರೆ. ಕೆಲವು ಕಾಲೇಜುಗಳ ಗೋಡೆಯ ಮೇಲೆ ಒಂದು ಬೋರ್ಡು ಇರುತ್ತದೆ. ಅಲ್ಲಿ ಓದಿ ಹೆಸರು ಮಾಡಿದವರ ಪಟ್ಟಿ ಅದು. ಅವರನ್ನು ಹಳೆಯ ವಿದ್ಯಾರ್ಥಿಗಳು ಅಂತಾರೆ. ಹಾಗೆಯೇ, ಒಂದು ತಂಡದಲ್ಲಿ ಆಡಿ ಬಿಟ್ಟವರನ್ನು ಮಾಜಿ ಆಟಗಾರರು ಅಂತಾರೆ.

ಅಕ್ಕಂದಿರೆ, ಈಗ ನಮಗೆ ಓದಲು ಬರುತ್ತದೆ. ಆ ಹೆಸರುಗಳನ್ನು ನಾವೂ ಓದೋಣ. ಅವರು ಅಲ್ಲಿಗೆ ಹೇಗೆ ಮುಟ್ಟಿದರು, ತಿಳಿಯೋಣ.

ಮೊದಲು ದಾವಣಗೆರೆಯ ಮಗನನ್ನೇ ನೋಡೋಣ. ಹೆಸರು ಆರ್. ವಿನಯ್ ಕುಮಾರ್. ಹುಟ್ಟಿದ್ದು 1984ರಲ್ಲಿ. ತಂದೆ ಆಟೋ ಓಡಿಸುತ್ತಿದ್ದರು. ಮಗ ಕ್ರಿಕೆಟ್‌ನಲ್ಲಿ ಬೌಲರ್ ಆದರು. ಜನ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದರು. ಭಾರತ ತಂಡಕ್ಕೂ ಆಡಿದರು. ಅವರು ನಾಯಕರಾಗಿದ್ದಾಗ ಕರ್ನಾಟಕ 2014 ಮತ್ತು 2015ರಲ್ಲಿ, ಸಾಲಾಗಿ ಎರಡು ಸಲ, ರಣಜಿ ಟ್ರೋಫಿ ಗೆದ್ದಿತು. 2021ರಲ್ಲಿ ಅವರು ಆಟದಿಂದ ನಿವೃತ್ತರಾದರು.

“ಅವನು ಗಂಡುಹುಡುಗ, ಮೈದಾನಕ್ಕೆ ಹೋದ. ನಮ್ಮ ಹುಡುಗೀರು ಹೋಗೋಕಾಗುತ್ತಾ?” ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ.

ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ರೈಲಿನ ದಾರಿಯಲ್ಲಿ ಕಡೂರು ಸಿಗುತ್ತದೆ. ವೇದಾ ಕೃಷ್ಣಮೂರ್ತಿ ಆ ಊರಿನವರು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡಿದರು. ಆಟ ಕಲಿಯಲು ಬೆಂಗಳೂರಿಗೆ ಹೋದರು. 2011ರಲ್ಲಿ ಭಾರತದ ಮಹಿಳಾ ತಂಡ ಸೇರಿದರು.

2017ರ ವಿಶ್ವಕಪ್. ನ್ಯೂಜಿಲೆಂಡ್ ತಂಡವನ್ನು ಸೋಲಿಸಿದರೆ ಮಾತ್ರ ನಮಗೆ ಮುಂದಿನ ಸುತ್ತು. ಅಂದು ವೇದಾ 45 ಚೆಂಡಿಗೆ 70 ರನ್ ಹೊಡೆದರು. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 5 ವಿಕೆಟ್ ತೆಗೆದರು. ಭಾರತ 186 ರನ್ನುಗಳಿಂದ ಗೆದ್ದಿತು. ನಮ್ಮ ನಾಡಿನ ಇಬ್ಬರು ಹೆಣ್ಣುಮಕ್ಕಳು ಒಂದೇ ದಿನ ದೇಶವನ್ನು ಗೆಲ್ಲಿಸಿದ್ದರು. ವೇದಾ 2025ರಲ್ಲಿ ನಿವೃತ್ತರಾದರು. ಈಗ ಅವರೂ ಮಾಜಿ ಆಟಗಾರ್ತಿ.

ಓದಿನ ಮಾತೂ ಹೀಗೆಯೇ. 1933ರಲ್ಲಿ ಕಮಲಾ ಎಂಬ ಹುಡುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದರು. ಹೆಣ್ಣು ಎಂಬ ಕಾರಣಕ್ಕೆ ಮೊದಲು ಸೇರಿಸಿಕೊಳ್ಳಲಿಲ್ಲ. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ, ಒಂದು ವರ್ಷ ನೋಡೋಣ ಎಂಬ ಷರತ್ತು ಹಾಕಿ ಸೇರಿಸಿಕೊಂಡರು. ಆ ವರ್ಷದಲ್ಲಿ ಅವರ ಕೆಲಸ ಎಲ್ಲರ ಬಾಯಿ ಮುಚ್ಚಿಸಿತು. ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಮುಂದೆ ಅವರು ಕಮಲಾ ಸೊಹೊನಿ ಎಂದು ಹೆಸರಾದರು. ನಾವು ದಿನಾ ಕಾಯಿಸುವ ಹಾಲು, ಬೇಯಿಸುವ ಬೇಳೆಕಾಳು, ಇವುಗಳಲ್ಲಿರುವ ಸತ್ವದ ಬಗ್ಗೆ ಅವರು ಸಂಶೋಧನೆ ಮಾಡಿದರು.

ಬೋರ್ಡಿನಲ್ಲಿ ಓದಿದವರ ಹೆಸರು ಇರುತ್ತದೆ. ಬುತ್ತಿ ಕಟ್ಟಿ, ಬಸ್ಸಿಗೆ ಕಾಸು ಕೊಟ್ಟು ಕಳಿಸಿದ ತಾಯಿಯ ಹೆಸರು ಇರುವುದಿಲ್ಲ. ಆದರೆ ಅವಳು ಕಳಿಸದಿದ್ದರೆ ಆ ಹೆಸರೂ ಇರುತ್ತಿರಲಿಲ್ಲ.

ಮಗಳು ಹತ್ತನೇ ತರಗತಿ ಮುಗಿಸಿದಾಗ “ಇನ್ನು ಸಾಕು” ಅನ್ನುವ ಮುಂಚೆ ಇದನ್ನು ನೆನೆಯೋಣ. ಎಲ್ಲರ ಹೆಸರೂ ಬೋರ್ಡಿಗೆ ಬರಲಿಕ್ಕಿಲ್ಲ. ಆದರೆ ಮನೆಯ ಬಾಗಿಲಲ್ಲೇ ತಡೆದ ಮಗಳ ಹೆಸರು ಹಾಜರಿ ಪುಸ್ತಕಕ್ಕೂ ಬರುವುದಿಲ್ಲ.

ಮಾಡಿ ನೋಡಿ: ಕಾಲೇಜಿಗೆ ಹೋದಾಗ ಬೋರ್ಡು ಓದಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿವೆ? ಎಣಿಸಿ.