‘ಸರ್ವರ್ ಬಿಜಿ’ ಅಂದರೆ ತಪ್ಪು ಯಾವುದರದ್ದು?

ದೊಡ್ಡಬಳ್ಳಾಪುರದಲ್ಲಾಗಲಿ ಹೊಸಕೋಟೆಯಲ್ಲಾಗಲಿ ತಾಲ್ಲೂಕು ಕಚೇರಿಯ ಸುತ್ತಲಿನ ಸೈಬರ್ ಸೆಂಟರುಗಳಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಮಾತು ‘ಸರ್ವರ್ ಬಿಜಿ’. ಪಹಣಿ ಬರದಿದ್ದರೂ ಅದೇ, ಇ.ಸಿ. (ಋಣಭಾರ ಪತ್ರ) ತೆರೆಯದಿದ್ದರೂ ಅದೇ. ಅದರ ಬೆನ್ನಿಗೇ ಕಂಪ್ಯೂಟರ್ ಬಲ್ಲ ಯಾರಾದರೊಬ್ಬರು ಸೇರಿಸುತ್ತಾರೆ: ‘ಹಳೇ ಟೆಕ್ನಾಲಜಿ ಸಾರ್, ರಿಯಾಕ್ಟ್‌ನಲ್ಲಿ ಮಾಡಿದ್ರೆ ಹೀಗಾಗ್ತಿರಲಿಲ್ಲ.’ ಈ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಜನರನ್ನು ದಾರಿ ತಪ್ಪಿಸುತ್ತಿರುವುದೂ ಅದೇ ಒಂದಿಷ್ಟು.

ಪಹಣಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಒಂದೊಂದಾಗಿ ಆರಿಸುತ್ತ ಹೋಗಬೇಕು. ಹಳೆಯ ಪದ್ಧತಿಯಲ್ಲಿ ಕಟ್ಟಿದ ಇಂಥ ಪುಟದಲ್ಲಿ ‘ತೂಬಗೆರೆ ಹೋಬಳಿ’ ಎಂದು ಒತ್ತಿದರೆ ಇಡೀ ಪುಟವೇ ಸರ್ವರಿಗೆ ಹೋಗಿ, ಅಲ್ಲಿನ ಹಳ್ಳಿಗಳ ಪಟ್ಟಿ ಹೊತ್ತು ಮತ್ತೆ ಪೂರ್ತಿ ಬರುತ್ತದೆ. ಆರು ಆಯ್ಕೆಗೆ ಆರು ಓಡಾಟ. 2013ರಲ್ಲಿ ಬಂದ ರಿಯಾಕ್ಟ್, ಮರುವರ್ಷದ ವ್ಯೂ, 2016ರ ಆಂಗ್ಯುಲರ್ ಎಂಬ ವೆಬ್ ಪುಟ ಕಟ್ಟುವ ವೇದಿಕೆಗಳಲ್ಲಿ ಪುಟ ಇದ್ದಲ್ಲೇ ಇರುತ್ತದೆ, ಹಳ್ಳಿಗಳ ಪಟ್ಟಿ ಮಾತ್ರ ಬಂದು ಕೂರುತ್ತದೆ. ಆದರೆ ಈ ಉಪಾಯ ಅವುಗಳ ಸ್ವಂತದ್ದಲ್ಲ. ಪುಟ ಕದಲದಂತೆ ಮಾಹಿತಿ ತರಿಸುವ ಸೌಲಭ್ಯ 1999ರಲ್ಲೇ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿತ್ತು. 2004ರಲ್ಲಿ ಬಂದ ಜಿಮೇಲ್ ನಿಂತಿದ್ದೂ ಅದರ ಮೇಲೆಯೇ. 2005ರಲ್ಲಿ ಅದಕ್ಕೆ ‘ಅಜಾಕ್ಸ್’ ಎಂದು ಹೆಸರಾಯಿತು. ಹಳೆಯ ಪುಟಕ್ಕೂ ಅದನ್ನು ಅಳವಡಿಸಬಹುದು. ಅದಕ್ಕಾಗಿ ಎಲ್ಲವನ್ನೂ ಕೆಡವಿ ಕಟ್ಟಬೇಕಿಲ್ಲ.

ಸರ್ವರಿನ ಮಾತು ಬೇರೆಯೇ. ನೋಂದಣಿ ಇಲಾಖೆಯ ಕಾವೇರಿ 2.0 ಬಳಕೆಗೆ ಬಂದದ್ದು 2023ರಲ್ಲಿ, ಎಂದರೆ ಹೊಸದಾಗಿಯೇ ಕಟ್ಟಿದ ವ್ಯವಸ್ಥೆ. 2025ರ ಜನವರಿಯಲ್ಲಿ ಅದು ಕುಂಟತೊಡಗಿ ನೋಂದಣಿಗಳು ನಿಂತಾಗಲೂ ಜನ ಬೈದದ್ದು ‘ಸಾಫ್ಟ್‌ವೇರ್ ಸರಿಯಿಲ್ಲ’ ಎಂದೇ. ತನಿಖೆಯಲ್ಲಿ ಹೊರಬಿದ್ದದ್ದು ಬೇರೆ: ನಕಲಿ ಖಾತೆಗಳನ್ನು ತೆರೆದ ಯಂತ್ರಗಳು ಇ.ಸಿ. ಹುಡುಕಾಟದ ಹೆಸರಿನಲ್ಲಿ ದಾಳಿ ಇಟ್ಟಿದ್ದವು. 62 ಇಮೇಲ್ ಖಾತೆಗಳಿಂದ 2 ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು. ಮುಂದಿನ ಪರದೆಯನ್ನು ಯಾವುದರಲ್ಲಿ ಕಟ್ಟಿದ್ದರೂ ಅಂಥ ನೂಕುನುಗ್ಗಲು ಹಿಂದಿನ ಬಾಗಿಲಿಗೇ ಬೀಳುತ್ತದೆ. ರಿಯಾಕ್ಟ್, ವ್ಯೂ ಎಲ್ಲ ನಮ್ಮ ಫೋನಿನೊಳಗೆ ಓಡುವ ಸರಕು. ದೂರದ ಡೇಟಾಬೇಸ್ ಬಳಲುತ್ತಿದ್ದರೆ ಅವು ಮಾಡಬಲ್ಲದ್ದು ಚೆಂದದ ಚಕ್ರ ತಿರುಗಿಸುವುದಷ್ಟೇ.

ಇನ್ನೊಂದು ನಂಬಿಕೆ, ದೊಡ್ಡ ಕಂಪನಿ ಹಿಂದಿದ್ದರೆ ಆ ವೇದಿಕೆ ಉಳಿಯುತ್ತದೆ ಎಂಬುದು. 2008ರ ಸುಮಾರಿಗೆ, ದೇವನಹಳ್ಳಿಯ ವಿಮಾನ ನಿಲ್ದಾಣ ಆಗಷ್ಟೇ ಶುರುವಾಗಿದ್ದ ಹೊತ್ತಿನಲ್ಲಿ, ಇಂಥ ವೆಬ್ ಅಪ್ಲಿಕೇಶನ್ನುಗಳ ಕಣದಲ್ಲಿ ಮೂವರು ಮಲ್ಲರಿದ್ದರು: ಅಡೋಬಿಯ ಫ್ಲ್ಯಾಶ್ ಮತ್ತು ಫ್ಲೆಕ್ಸ್, ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್, ಸನ್ ಕಂಪನಿಯ ಜಾವಾಎಫ್‌ಎಕ್ಸ್. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು, ಸಿಲ್ವರ್‌ಲೈಟ್ 2021ರ ಅಕ್ಟೋಬರ್ 12ಕ್ಕೆ. ಫ್ಲ್ಯಾಶನ್ನು ಕೊಂದದ್ದು ಸ್ಟೀವ್ ಜಾಬ್ಸ್ 2010ರಲ್ಲಿ ಬರೆದ ಪತ್ರ ಎಂದು ಈಗಲೂ ಹೇಳುವವರಿದ್ದಾರೆ. ಪತ್ರ ಪೆಟ್ಟು ಕೊಟ್ಟದ್ದು ನಿಜ, ಆದರೆ ಭದ್ರತೆಯ ಬಿರುಕುಗಳು, ಬ್ಯಾಟರಿಯ ಹಸಿವು, ಪ್ಲಗಿನ್ ಇಲ್ಲದೆಯೇ ವಿಡಿಯೊ ತೋರಿಸಬಲ್ಲ ಎಚ್‌ಟಿಎಂಎಲ್ 5 ಎಲ್ಲವೂ ಕೂಡಿಯೇ ಅದನ್ನು ಮುಗಿಸಿದವು. ಯಾರ ಒಡೆತನಕ್ಕೂ ಸೇರದ ಎಚ್‌ಟಿಎಂಎಲ್ ಇಂದಿಗೂ ನಡೆಯುತ್ತಿದೆ. ತೊಂಬತ್ತರ ದಶಕದ ಸಾದಾ ಪುಟಗಳು ಇಂದಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತವೆ.

ಈ ಕಾರಣಕ್ಕೇ ‘ರಿಯಾಕ್ಟ್ ಕಲಿತರೆ ಕೆಲಸ ಗ್ಯಾರಂಟಿ’ ಎಂದು ಹೊರಡುವ ನೆಲಮಂಗಲ, ವಿಜಯಪುರದ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ: ಮೊದಲು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಗಟ್ಟಿ ಮಾಡಿಕೊಳ್ಳಿ. ಆಂಗ್ಯುಲರ್‌ಜೆಎಸ್ ಎಂಬ ಮೊದಲ ಆವೃತ್ತಿಯನ್ನಷ್ಟೇ ಬಾಯಿಪಾಠ ಮಾಡಿದವರ ಕಲಿಕೆ 2021ರ ಕೊನೆಗೆ ಆಸರೆ ಕಳೆದುಕೊಂಡಿತು. ಅಡಿಪಾಯ ಕಲಿತವರು ಮುಂದಿನದಕ್ಕೆ ದಾಟಿಕೊಂಡರು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ತಪ್ಪು ಕಲ್ಪನೆ ಬೇರೊಂದಿದೆ: ‘ಯೂನಿಕೋಡ್ ಬಂದಿದೆಯಲ್ಲ, ಯಾವುದರಲ್ಲಿ ಕಟ್ಟಿದರೂ ಕನ್ನಡ ಸರಿಯಾಗಿಯೇ ಕಾಣುತ್ತದೆ.’ ಕಾಣುವುದಿಲ್ಲ. ದೊಡ್ಡಬಳ್ಳಾಪುರದ ‘ಡ್ಡ’ ಕಂಪ್ಯೂಟರಿನೊಳಗೆ ಒಂದು ಅಕ್ಷರವಾಗಿರುವುದಿಲ್ಲ. ಡ, ಹಲಂತದ ಗುರುತು, ಇನ್ನೊಂದು ಡ ಎಂದು ಮೂರು ಸಂಕೇತಗಳಾಗಿ ಕೂತಿರುತ್ತದೆ. ಎರಡನೆಯ ಡಕಾರವನ್ನು ಒತ್ತಾಗಿಸಿ ಕೆಳಗಿಳಿಸುವ ಕೆಲಸಕ್ಕೆ ಪ್ರತ್ಯೇಕ ಜೋಡಣಾ ತಂತ್ರಾಂಶ ಬೇಕು. ಅದಿಲ್ಲದಿದ್ದರೆ ಊರಿನ ಹೆಸರು ‘ದೊಡ್‌ಡಬಳ್‌ಳಾಪುರ’ ಆಗುತ್ತದೆ, ರಾಜ್ಯದ ಹೆಸರು ‘ಕರ್‌ನಾಟಕ’ ಆಗುತ್ತದೆ. ಬ್ರೌಸರಿಗೆ ಆ ವಿದ್ಯೆ ಗೊತ್ತು. ಬ್ರೌಸರನ್ನು ಪಕ್ಕಕ್ಕಿಟ್ಟು ತಾವೇ ಅಕ್ಷರ ಬಿಡಿಸುವ ವೇದಿಕೆಗಳು ಅದನ್ನು ಬೇರೆಯಾಗಿ ಕಲಿಯಬೇಕು. ಫ್ಲ್ಯಾಶ್ ಅದನ್ನು ಕಲಿತದ್ದು 2008ರ ಹತ್ತನೇ ಆವೃತ್ತಿಯಲ್ಲಿ, ಸಿಲ್ವರ್‌ಲೈಟ್ 2010ರ ನಾಲ್ಕನೆಯದರಲ್ಲಿ. ಅಲ್ಲಿಯವರೆಗೆ ಇಂಗ್ಲಿಷಿಗೆ ‘ಶ್ರೀಮಂತ’ ಎನಿಸಿಕೊಂಡ ವೇದಿಕೆಗಳು ನಮಗೆ ಬಡವೇ ಆಗಿದ್ದವು.

ಇದು ಹಳೆಯ ಕಥೆಯೂ ಅಲ್ಲ. ಒಂದೇ ಬರಹದಿಂದ ಆಂಡ್ರಾಯ್ಡ್ ಆ್ಯಪ್, ಐಫೋನ್ ಆ್ಯಪ್, ವೆಬ್ ಮೂರನ್ನೂ ಕಟ್ಟಬಹುದೆಂದು ಗೂಗಲ್‌ನ ಫ್ಲಟರ್ ಜನಪ್ರಿಯವಾಗಿದೆ. ಆ್ಯಪ್‌ಗೆ ಅದು ಒಳ್ಳೆಯದೇ. ವೆಬ್‌ನಲ್ಲಿ ಮಾತ್ರ ಅದು ಪುಟವನ್ನು ಚಿತ್ರದಂತೆ ಬಿಡಿಸುತ್ತದೆ. ಬಿಡಿಸುವ ಉಪಕರಣಕ್ಕೇ ಸುಮಾರು 1.5 ಎಂಬಿ ಇಳಿಸಿಕೊಳ್ಳಬೇಕು. ರಿಯಾಕ್ಟ್‌ನ ಮೂಲ ಭಾಗ ಕುಗ್ಗಿಸಿದ ಮೇಲೆ 50 ಕೆಬಿಯ ಆಸುಪಾಸು. ಕನ್ನಡ ಫಾಂಟನ್ನು ಜೊತೆಯಲ್ಲೇ ಕಟ್ಟಿಕೊಡದಿದ್ದರೆ ಫ್ಲಟರ್ ಅದನ್ನು ಆಮೇಲೆ ತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಪರದೆ ತುಂಬ ಖಾಲಿ ಚೌಕಗಳು. ಪುಟದಲ್ಲಿ ಕಾಣುವ ಹೆಸರನ್ನು ಬ್ರೌಸರಿನ ಹುಡುಕಾಟ ಹಿಡಿಯುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಬೇಕಾದ ವ್ಯವಸ್ಥೆಯೂ ತಾನಾಗಿ ಚಾಲೂ ಆಗಿರುವುದಿಲ್ಲ. ಸಾಸಲು ಹೋಬಳಿಯ ರೈತನಿಗೆ ದಾಖಲೆ ತೋರಿಸುವ ಪುಟವನ್ನು ಇದರಲ್ಲಿ ಕಟ್ಟುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ರಿಯಾಕ್ಟ್, ವ್ಯೂ, ಆಂಗ್ಯುಲರ್ ಬ್ರೌಸರಿನ ಅಕ್ಷರಗಳನ್ನೇ ಬಳಸುವುದರಿಂದ ಈ ಕಷ್ಟ ಪರದೆಯ ಮೇಲೆ ಇರುವುದಿಲ್ಲ. ಆದರೆ ಅದೇ ಪುಟದ ‘ಪಿಡಿಎಫ್ ಇಳಿಸಿ’ ಗುಂಡಿಯ ಹಿಂದೆ ಅದು ಅಡಗಿರಬಹುದು. ಬ್ರೌಸರಿನೊಳಗೇ ಪಿಡಿಎಫ್ ಮಾಡುವ ಜೆಎಸ್‌ಪಿಡಿಎಫ್‌ನಂಥ ಜನಪ್ರಿಯ ಉಪಕರಣಕ್ಕೆ ಒತ್ತಕ್ಷರ ಜೋಡಿಸಲು ಬಾರದು. ಪರದೆಯಲ್ಲಿ ನೆಟ್ಟಗಿದ್ದ ಹೆಸರು ಕಾಗದದಲ್ಲಿ ಚೂರಾಗುತ್ತದೆ. ಜಮೀನಿನ ಪತ್ರದಲ್ಲಿ ತಂದೆಯ ಹೆಸರು ಹಾಗೆ ಚೂರಾದರೆ ಅದು ಬರೀ ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ವೆಬ್‌ಸೈಟ್ ಮಾಡಿಸುವವರು, ಸಹಕಾರ ಸಂಘವಾಗಲಿ ಸೀರೆ ಅಂಗಡಿಯಾಗಲಿ, ಹಣ ಕೊಡುವ ಮೊದಲು ಪರೀಕ್ಷೆ ಮಾಡಿಸಿ. ‘ನೆಲಮಂಗಲ’ ಎಂದು ಬರೆದು ನೋಡಿದರೆ ಸಾಲದು, ಅದರಲ್ಲಿ ಒತ್ತಕ್ಷರವೇ ಇಲ್ಲ. ಅದೇ ತಾಲ್ಲೂಕಿನ ‘ತ್ಯಾಮಗೊಂಡ್ಲು’ ಬರೆಯಿಸಿ. ಅಗ್ಗದ ಫೋನಿನಲ್ಲಿ, ಸಿಗ್ನಲ್ ಸಣ್ಣಗಿರುವ ಕಡೆ ಪುಟ ತೆರೆಯಿಸಿ. ಬ್ರೌಸರಿನಲ್ಲಿ ಹುಡುಕಿದಾಗ ಆ ಹೆಸರು ಸಿಗಬೇಕು, ನಕಲು ಮಾಡಿ ವಾಟ್ಸ್‌ಆ್ಯಪಿಗೆ ಅಂಟಿಸಿದಾಗ ಹಾಗೇ ಬರಬೇಕು, ಪಿಡಿಎಫ್ ಇಳಿಸಿ ಮುದ್ರಿಸಿದಾಗಲೂ ‘ಡ್ಲು’ ಒಡೆಯಬಾರದು. ಇಷ್ಟೂ ಆದರೆ ಅದನ್ನು ಯಾವ ವೇದಿಕೆಯಲ್ಲಿ ಕಟ್ಟಿದ್ದಾರೆಂದು ಆಮೇಲೆ ಕೇಳಿದರಾಯಿತು.