ಶಿಕ್ಷೆಯಿಂದ ಶಿಕ್ಷಣಕ್ಕೆ: ಯಾನುಶ್ ಕೊರ್ಚಾಕರ ಮಕ್ಕಳ ನ್ಯಾಯಾಲಯ

‘ಶಿಕ್ಷೆ’ ಮತ್ತು ‘ಶಿಕ್ಷಣ’ ಎಂಬೆರಡು ಶಬ್ದಗಳು ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದಲ್ಲಿ ಆ ಧಾತುವಿಗೆ ಕಲಿಯುವುದು ಎಂಬುದೇ ಮುಖ್ಯಾರ್ಥ; ಆರು ವೇದಾಂಗಗಳಲ್ಲಿ ಒಂದಕ್ಕೆ ‘ಶಿಕ್ಷಾ’ ಎಂದೇ ಹೆಸರು. ಕನ್ನಡದಲ್ಲಿ ಕಲಿಕೆಯ ಅರ್ಥವನ್ನು ‘ಶಿಕ್ಷಣ’ವು ಉಳಿಸಿಕೊಂಡಿತು, ‘ಶಿಕ್ಷೆ’ಯಾದರೋ ದಂಡನೆಯ ಅರ್ಥದಲ್ಲಿ ನೆಲೆನಿಂತಿತು. ಒಡಹುಟ್ಟಿದ ಈ ಎರಡು ಶಬ್ದಗಳು ಹೀಗೆ ಬೇರ್ಪಟ್ಟುದರಲ್ಲಿ ಶಾಲೆಯ ಚರಿತ್ರೆಯೇ ಅಡಗಿದೆಯೆನ್ನಬಹುದು. ತಪ್ಪು ಮಾಡಿದ ಬಾಲಕನಿಗೆ ದಂಡನೆ ದೊರೆಯುತ್ತದೆ; ಆದರೆ ಆ ತಪ್ಪಿನಿಂದ ಅವನು ಏನನ್ನು ಕಲಿತನು, ಅವನಿಂದ ನೊಂದವನಿಗೆ ಏನು ದೊರೆಯಿತು ಎಂಬ ಪ್ರಶ್ನೆಗಳು ಬೆತ್ತದ ಸದ್ದಿನಲ್ಲಿ ಕೇಳಿಸದೆ ಹೋಗುತ್ತವೆ.

ಈ ಪ್ರಶ್ನೆಗಳನ್ನು ಎತ್ತಿ ಹಿಡಿಯುವ ವಿಧಾನವೊಂದು ಕಳೆದ ಕೆಲವು ದಶಕಗಳಲ್ಲಿ ಅನೇಕ ದೇಶಗಳ ಶಾಲೆಗಳನ್ನು ಪ್ರವೇಶಿಸಿದೆ. ೧೯೭೪ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ತರುಣರು ಒಂದೇ ರಾತ್ರಿಯಲ್ಲಿ ೨೨ ಮಂದಿಯ ಸ್ವತ್ತನ್ನು ಹಾಳುಗೆಡವಿದರು. ಅವರು ನೊಂದವರ ಮನೆಮನೆಗೆ ಹೋಗಿ ಮುಖಾಮುಖಿಯಾಗಿ ಮಾತನಾಡಿ ನಷ್ಟ ತುಂಬಿಕೊಡುವಂತೆ ನ್ಯಾಯಾಧೀಶರು ಮಾಡಿದ ಏರ್ಪಾಡನ್ನು ಈ ವಿಧಾನದ ಆಧುನಿಕ ಆರಂಭವೆಂದು ಎಣಿಸುತ್ತಾರೆ. ‘ಯಾವ ನಿಯಮ ಮುರಿಯಿತು? ಯಾವ ದಂಡನೆ ತಕ್ಕದ್ದು?’ ಎಂದು ಕೇಳುವ ಬದಲು, ‘ನಡೆದುದೇನು? ನೊಂದವರಾರು? ಅದನ್ನು ಸರಿಪಡಿಸುವ ಬಗೆ ಯಾವುದು?’ ಎಂದು ಕೇಳುವುದು ಇದರ ತಿರುಳು. ಮುರಿದ ಸಂಬಂಧವನ್ನು ಮರಳಿ ಕೂಡಿಸುವ ನ್ಯಾಯವೆಂದು ಇದನ್ನು ಕರೆಯಬಹುದು. ಆದರೆ ಇದಕ್ಕೆ ಅರ್ಧ ಶತಮಾನಕ್ಕೂ ಹಿಂದೆಯೇ ಪೋಲೆಂಡಿನ ಶಿಕ್ಷಣವೇತ್ತರೊಬ್ಬರು ಇದೇ ದಾರಿಯಲ್ಲಿ ಬಹುದೂರ ನಡೆದಿದ್ದರು. ಅವರೇ ಯಾನುಶ್ ಕೊರ್ಚಾಕ್.

ಕೊರ್ಚಾಕರ ನಿಜನಾಮ ಹೆನ್ರಿಕ್ ಗೋಲ್ಡ್‌ಶ್ಮಿಟ್. ಅವರು ವೃತ್ತಿಯಿಂದ ಮಕ್ಕಳ ವೈದ್ಯರು, ಪ್ರವೃತ್ತಿಯಿಂದ ಲೇಖಕರು. ೧೯೧೨ರಲ್ಲಿ ವಾರ್ಸಾ ನಗರದ ಕ್ರೋಖ್‌ಮಾಲ್ನಾ ಬೀದಿಯಲ್ಲಿ ಬಡ ಯಹೂದಿ ಮಕ್ಕಳಿಗಾಗಿ ತೆರೆದ ಅನಾಥಾಲಯದ ಹೊಣೆ ಹೊತ್ತು, ಆಸ್ಪತ್ರೆಯ ಕೆಲಸವನ್ನು ಬಿಟ್ಟು, ಮಕ್ಕಳ ನಡುವೆಯೇ ನೆಲೆಸಿದರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬ ಶಿಕ್ಷಕಿ ಅವರ ಸಮಭಾಗಿಯಾಗಿದ್ದರು. ನೂರಕ್ಕೂ ಮಿಕ್ಕಿದ ಬಾಲಕ ಬಾಲಕಿಯರು ಅಲ್ಲಿದ್ದರು. ಹಸಿವು, ಬೀದಿಯ ಜಗಳ, ತಂದೆತಾಯಿಯರ ಅಗಲಿಕೆ ಇವುಗಳನ್ನು ಕಂಡುಬಂದ ಆ ಮಕ್ಕಳನ್ನು ಗದರಿಕೆಯಿಂದ ಆಳುವುದು ಸುಲಭವಿತ್ತು. ಕೊರ್ಚಾಕರು ಆ ದಾರಿಯನ್ನು ಹಿಡಿಯದೆ, ಮಕ್ಕಳಿಂದಲೇ ನಡೆಯುವ ನ್ಯಾಯಾಲಯವೊಂದನ್ನು ಸ್ಥಾಪಿಸಿದರು. ಅದರ ವಿವರಗಳು ೧೯೨೦ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ, ಮಗುವನ್ನು ಪ್ರೀತಿಸುವ ಬಗೆಯನ್ನು ಕುರಿತ ಅವರ ಗ್ರಂಥದಲ್ಲಿ ದೊರೆಯುತ್ತವೆ.

ನ್ಯಾಯಾಲಯದ ರಚನೆ ಸರಳವಾದುದು. ಅನ್ಯಾಯವಾಯಿತೆಂದು ಭಾವಿಸಿದ ಯಾವ ಮಗುವೇ ಆಗಲಿ ತನ್ನ ಹೆಸರನ್ನೂ ಎದುರಾಳಿಯ ಹೆಸರನ್ನೂ ಗೋಡೆಯ ಹಲಗೆಯ ಮೇಲೆ ಬರೆಯಿಸಬಹುದಾಗಿತ್ತು. ವಾರಕ್ಕೊಮ್ಮೆ ಐವರು ನ್ಯಾಯಾಧೀಶರು ಕುಳಿತುಕೊಳ್ಳುತ್ತಿದ್ದರು. ಅವರನ್ನು ಆರಿಸುತ್ತಿದ್ದುದು ಚೀಟಿ ಎತ್ತುವುದರ ಮೂಲಕ. ಆ ವಾರ ಯಾರ ಮೇಲೆ ಮೊಕದ್ದಮೆಯಿಲ್ಲವೋ ಅವರಿಗೆ ಮಾತ್ರ ಆ ಅರ್ಹತೆ. ಹಿರಿಯರೊಬ್ಬರು ಕಾರ್ಯದರ್ಶಿಯಾಗಿ ಸಾಕ್ಷ್ಯಗಳನ್ನು ಸಂಗ್ರಹಿಸುತ್ತಿದ್ದರೇ ಹೊರತು ಅವರಿಗೆ ಮತಾಧಿಕಾರವಿರಲಿಲ್ಲ. ಚೀಟಿಯ ಪದ್ಧತಿಯ ಹಿರಿಮೆಯನ್ನು ಇಲ್ಲಿ ಗಮನಿಸಬೇಕು. ಜಾಣರೂ ಬಲಿಷ್ಠರೂ ಉಪಾಧ್ಯಾಯರ ಮೆಚ್ಚಿನವರೂ ಮಾತ್ರ ಪೀಠವೇರುವ ಸಂಭವವನ್ನು ಅದು ತಪ್ಪಿಸಿತು. ಇಂದು ಆರೋಪಿಯಾದವನು ಮುಂದಿನ ವಾರ ನ್ಯಾಯಾಧೀಶನಾಗಬಹುದು; ತನ್ನಂತೆಯೇ ತಪ್ಪಿದ ಇನ್ನೊಬ್ಬನ ಸ್ಥಿತಿಯನ್ನು ಆಗ ಅವನೇ ತೂಗಿ ನೋಡಬೇಕಾಗುತ್ತದೆ.

ನ್ಯಾಯಾಲಯದ ಸಂಹಿತೆಯ ಅನುಕ್ರಮವೇ ಅದರ ತತ್ತ್ವವನ್ನು ಸಾರುತ್ತದೆ. ಒಂದರಿಂದ ೯೯ರವರೆಗಿನ ಕಲಮುಗಳೆಲ್ಲವೂ ಬಿಡುಗಡೆಗೆ ಅಥವಾ ಕ್ಷಮೆಗೆ ಮೀಸಲು. ತಿಳಿಯದೆ ಮಾಡಿದನು, ಸಿಟ್ಟಿನ ಭರದಲ್ಲಿ ಮಾಡಿದನು, ಪಶ್ಚಾತ್ತಾಪ ಪಟ್ಟಿದ್ದಾನೆ, ಹೀಗೆ ಕ್ಷಮೆಗೆ ಹತ್ತಾರು ಕಾರಣಗಳನ್ನು ಅವು ಬೇರೆಬೇರೆಯಾಗಿ ಹೆಸರಿಸುತ್ತವೆ. ನೂರನೆಯ ಕಲಮಿನಲ್ಲಿಯೂ ದಂಡನೆಯಿಲ್ಲ; ತಪ್ಪು ನಡೆದುದು ನಿಜವೆಂದು ಮಾತ್ರ ಅದು ಹೇಳುತ್ತದೆ. ಇನ್ನೂರು, ಮುನ್ನೂರು, ನಾನೂರು ಎಂದು ಏರಿದಂತೆ ನ್ಯಾಯಾಲಯದ ಅಸಮ್ಮತಿಯೂ ಏರುತ್ತದೆ. ಐನೂರರಲ್ಲಿ ಹೆಸರು ಪ್ರಕಟವಾಗುತ್ತದೆ. ಏಳುನೂರರಲ್ಲಿ ಮನೆಯವರಿಗೆ ತಿಳಿಸಲಾಗುತ್ತದೆ. ಹೊಡೆತ, ಉಪವಾಸ, ಕತ್ತಲೆಕೋಣೆ ಇವು ಯಾವ ಕಲಮಿನಲ್ಲಿಯೂ ಇಲ್ಲ.

ಕೊನೆಯ ಎರಡು ಕಲಮುಗಳು ವಿಶೇಷವಾಗಿ ವಿಚಾರಾರ್ಹ. ಒಂಬೈನೂರನೆಯದು, ನ್ಯಾಯಾಲಯವು ಈ ಮಗುವಿನ ವಿಷಯದಲ್ಲಿ ಆಸೆ ಕಳೆದುಕೊಂಡಿದೆಯೆಂದು ಒಪ್ಪಿಕೊಳ್ಳುತ್ತದೆ. ಆದರೂ ಅಲ್ಲಿಗೆ ನಿಲ್ಲದೆ, ಇವನ ಹೊಣೆ ಹೊರುವವರು ಯಾರಾದರೂ ಇದ್ದಾರೆಯೇ ಎಂದು ಇಡಿಯ ಮನೆಯನ್ನು ಕೇಳುತ್ತದೆ. ಒಬ್ಬರಾದರೂ ಮುಂದೆ ಬಂದರೆ ಅವನು ಉಳಿಯುತ್ತಾನೆ. ಸಾವಿರದ ಕಲಮು ಹೊರಹಾಕುವುದು. ಅದು ಅತಿ ವಿರಳವಾಗಿ ಪ್ರಯೋಗವಾಯಿತು. ಹೊರಹೋದವನಿಗೂ ಕಾಲಾಂತರದಲ್ಲಿ ಮರಳಿ ಸೇರಲು ಬೇಡುವ ಹಕ್ಕನ್ನು ಉಳಿಸಲಾಗಿತ್ತು. ಎಲ್ಲರನ್ನೂ ಒಳಗೊಳ್ಳುವ ತರಗತಿಯೆಂದರೆ ಎಲ್ಲರಿಗೂ ದಾಖಲಾತಿ ಕೊಡುವುದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ದಾಖಲಾತಿ ಬಾಗಿಲು ಮಾತ್ರ. ತಪ್ಪಿದ ಮೇಲೂ ಮಗುವಿನ ಸ್ಥಾನ ಉಳಿಯುತ್ತದೆಯೇ ಎಂಬುದೇ ಒಳಗೊಳ್ಳುವಿಕೆಯ ನಿಜವಾದ ಒರೆಗಲ್ಲು.

ಈ ಏರ್ಪಾಡು ಆರಂಭದಿಂದಲೇ ಸುಸೂತ್ರವಾಗಿ ನಡೆಯಿತೆಂದು ತಿಳಿಯಬಾರದು. ಕೆಲವು ಮಕ್ಕಳು ಕ್ಷುಲ್ಲಕ ದೂರುಗಳಿಂದ ಹಲಗೆಯನ್ನು ತುಂಬಿದರು. ಕೆಲವರು ಕ್ಷಮೆಯನ್ನು ಶಿಕ್ಷೆಯಿಲ್ಲದಿರುವುದೆಂದು ಮಾತ್ರ ಬಗೆದು ನ್ಯಾಯಾಲಯವನ್ನೇ ಹಾಸ್ಯಮಾಡಿದರು. ಕೊರ್ಚಾಕರು ಅದನ್ನು ಕೆಲವು ವಾರಗಳ ಕಾಲ ನಿಲ್ಲಿಸಬೇಕಾಯಿತು. ಅದು ಮತ್ತೆ ಆರಂಭವಾದಾಗ ತೀರ್ಪಿನ ವಿರುದ್ಧ ಮೇಲ್ಮನವಿಗೆ ಅವಕಾಶವಾಯಿತು. ಕಠಿನ ಪ್ರಕರಣಗಳಿಗಾಗಿ ಮಕ್ಕಳೂ ಹಿರಿಯರೊಬ್ಬರೂ ಕೂಡಿದ ಸಮಿತಿಯೊಂದು ಏರ್ಪಟ್ಟಿತು. ಈ ವೈಫಲ್ಯವನ್ನು ಅವರು ತಮ್ಮ ಗ್ರಂಥದಲ್ಲಿ ಮರೆಮಾಡದೆ ದಾಖಲಿಸಿರುವುದು ಅವರ ಪ್ರಾಮಾಣಿಕತೆಗೆ ನಿದರ್ಶನ. ಕ್ಷಮೆಯು ಸಡಿಲಿಕೆಯಾಗದಂತೆ ಕಾಯುವುದು ದಂಡನೆಗಿಂತ ಹೆಚ್ಚು ಶ್ರಮವನ್ನೂ ಕಾಲವನ್ನೂ ಬೇಡುತ್ತದೆಂಬುದು ಅವರ ಅನುಭವದಿಂದ ಸ್ಪಷ್ಟವಾಗುತ್ತದೆ.

ಇದಕ್ಕಿಂತಲೂ ಮಿಗಿಲಾದ ಸಂಗತಿಯೊಂದಿದೆ. ಈ ನ್ಯಾಯಾಲಯದ ಎದುರು ಹಿರಿಯರೂ ಉತ್ತರವಾದಿಗಳಾಗಿದ್ದರು. ಕೊರ್ಚಾಕರು ಆರು ತಿಂಗಳ ಅವಧಿಯಲ್ಲಿ ಐದು ಬಾರಿ ತಮ್ಮ ಮೇಲೆಯೇ ಮೊಕದ್ದಮೆ ಹೂಡಿಕೊಂಡರು. ಒಮ್ಮೆ ಹುಡುಗನೊಬ್ಬನಿಗೆ ಕೈಮಾಡಿದುದಕ್ಕಾಗಿ, ಒಮ್ಮೆ ಹುಡುಗಿಯೊಬ್ಬಳ ಮೇಲೆ ಕಳವಿನ ಶಂಕೆ ಹೊರಿಸಿದುದಕ್ಕಾಗಿ. ತಾವು ಬರೆದ ಸಂಹಿತೆಯ ಕಲಮುಗಳಿಗೆ ತಾವೇ ತಲೆಬಾಗಿ, ಮಕ್ಕಳ ತೀರ್ಪನ್ನು ಸ್ವೀಕರಿಸಿದರು. ಉಪಾಧ್ಯಾಯನ ಗೌರವ ಇದರಿಂದ ಕುಂದಿತೇ? ಇಲ್ಲ. ನಿಯಮವು ಬಲಿಷ್ಠನ ಕೈಯ ಆಯುಧವಲ್ಲ, ಎಲ್ಲರ ಆಸರೆಯೆಂಬುದನ್ನು ಮಕ್ಕಳಿಗೆ ಮನಗಾಣಿಸಲು ಬೇರೆ ಉಪದೇಶವೇ ಬೇಕಾಗಲಿಲ್ಲ.

ಸಂಹಿತೆಯ ಪೀಠಿಕೆಯಲ್ಲಿ ಮತ್ತೊಂದು ಆಶಯವೂ ಇದೆ. ಕ್ಷಮೆಯೇ ಮೇಲಾದರೂ, ಮೌನಿಗಳನ್ನು ಗದ್ದಲಿಗರಿಂದಲೂ ದುರ್ಬಲರನ್ನು ಪ್ರಬಲರಿಂದಲೂ ಕಾಪಾಡುವುದು ನ್ಯಾಯಾಲಯದ ಕರ್ತವ್ಯವೆಂದು ಅದು ತಿಳಿಸುತ್ತದೆ. ಹೊಸದಾಗಿ ಬಂದ ಮಗುವಿಗೆ ಹಿರಿಯ ಮಗುವೊಂದನ್ನು ಮೂರು ತಿಂಗಳ ಕಾಲ ಪೋಷಕನಾಗಿ ನೇಮಿಸುತ್ತಿದ್ದುದೂ ಇದೇ ದೃಷ್ಟಿಯಿಂದ. ಮುಂದೆ ಕೊರ್ಚಾಕರು, ಅಂಗವಿಕಲ ಮಕ್ಕಳ ಶಿಕ್ಷಕರನ್ನು ಸಿದ್ಧಗೊಳಿಸಲು ೧೯೨೨ರಲ್ಲಿ ಮಾರಿಯಾ ಗ್ಜೆಗೊಜೆವ್‌ಸ್ಕಾ ಅವರು ವಾರ್ಸಾದಲ್ಲಿ ಸ್ಥಾಪಿಸಿದ ವಿಶೇಷ ಶಿಕ್ಷಣ ಸಂಸ್ಥೆಯಲ್ಲಿ ಉಪನ್ಯಾಸಗಳನ್ನು ನೀಡಿದರು. ಅಂಜಿದ ಬಾಲಕನೊಬ್ಬನನ್ನು ಕ್ಷಕಿರಣದ ಪರದೆಯ ಹಿಂದೆ ನಿಲ್ಲಿಸಿ, ಬಡಿದುಕೊಳ್ಳುತ್ತಿದ್ದ ಅವನ ಹೃದಯವನ್ನು ಭಾವೀ ಶಿಕ್ಷಕರಿಗೆ ತೋರಿಸಿದ ಪ್ರಸಂಗವನ್ನು ಅವರ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಗದರಿಕೆಗೆ ಬಾಯ್ದೆರೆಯುವ ಮುನ್ನ ನೆನೆಯಬೇಕಾದ ಪಾಠವದು.

೧೯೪೦ರಲ್ಲಿ ನಾಜಿಗಳು ಆ ಮಕ್ಕಳನ್ನು ವಾರ್ಸಾದ ಯಹೂದಿ ನಿರ್ಬಂಧ ಕೇರಿಗೆ ದೂಡಿದರು. ಹಸಿವು ರೋಗಗಳ ನಡುವೆ, ೧೯೪೨ರ ಜುಲೈ ೧೮ರಂದು, ಮಕ್ಕಳು ಅಲ್ಲಿ ರವೀಂದ್ರನಾಥ ಠಾಕೂರರ ‘ಅಂಚೆಯ ಮನೆ’ ನಾಟಕವನ್ನು ಅಭಿನಯಿಸಿದರು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು ಇನ್ನೂರು ಮಕ್ಕಳನ್ನು ತ್ರೆಬ್ಲಿಂಕಾ ಮರಣಶಿಬಿರಕ್ಕೆ ಸಾಗಿಸಲಾಯಿತು. ತಪ್ಪಿಸಿಕೊಳ್ಳುವ ಅವಕಾಶಗಳು ಒದಗಿದ್ದರೂ ಕೊರ್ಚಾಕರು ಅವುಗಳನ್ನು ಒಲ್ಲದೆ, ವಿಲ್ಚಿನ್ಸ್ಕಾ ಅವರೊಡನೆ, ಮಕ್ಕಳ ಜೊತೆಯಲ್ಲಿಯೇ ಹೋದರು. ಹೊಣೆ ಹೊರುವವರು ಯಾರಾದರೂ ಇದ್ದಾರೆಯೇ ಎಂಬ ತಮ್ಮ ಕಲಮಿನ ಪ್ರಶ್ನೆಗೆ ಅವರು ತಾವೇ ಉತ್ತರವಾದರು.

ಭಾರತದ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಕಲಮು ಮಗುವಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ೧೬ನೆಯ ಕಲಮಿನಲ್ಲಿ, ೨೦೧೯ರ ತಿದ್ದುಪಡಿಯ ತರುವಾಯವೂ, ಎಂಟನೆಯ ತರಗತಿಯ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಕೂಡದೆಂಬ ವಿಧಿ ಉಳಿದಿದೆ. ಕಾಯಿದೆಯು ಬೆತ್ತವನ್ನು ಕೈಯಿಂದ ತೆಗೆಯಬಲ್ಲದು. ಆ ಕೈಗೆ ಬೇರೇನನ್ನು ಕೊಡಬೇಕೆಂಬುದನ್ನು ಅದು ಹೇಳಲಾರದು. ಬರಿದಾದ ಕೈಯುಳ್ಳ ಉಪಾಧ್ಯಾಯನು ನಿಂದೆಗೋ ನಿರ್ಲಕ್ಷ್ಯಕ್ಕೋ ಇಳಿಯುವ ಅಪಾಯವುಂಟು. ವಾರಕ್ಕೊಂದು ಗಂಟೆ ಮಕ್ಕಳ ದೂರುಗಳನ್ನು ಮಕ್ಕಳಿಂದಲೇ ಕೇಳಿಸುವುದು, ನೊಂದವನಿಗೆ ಮೊದಲ ಮಾತಿನ ಹಕ್ಕು ಕೊಡುವುದು, ತಪ್ಪಿದವನಿಗೆ ತಿದ್ದಿಕೊಳ್ಳಲು ಕೆಲಸವೊಂದನ್ನು ವಹಿಸುವುದು, ತನ್ನ ತಪ್ಪನ್ನು ತರಗತಿಯ ಮುಂದೆ ಒಪ್ಪಿಕೊಳ್ಳುವುದು: ಇವಕ್ಕೆ ಹಣ ಬೇಡ, ಕಟ್ಟಡ ಬೇಡ. ಬೇಕಾದುದು ತಾಳ್ಮೆ ಮತ್ತು ನಿರಹಂಕಾರ. ಅವೆರಡೂ ಕೂಡಿಬಂದಲ್ಲಿ ಶಿಕ್ಷೆಯೆಂಬ ಶಬ್ದವು ತನ್ನ ಮೊದಲಿನ ಅರ್ಥವನ್ನು ಮರಳಿ ಪಡೆಯುವುದರಲ್ಲಿ ಸಂದೇಹವಿಲ್ಲ.